ಊರಿನ ಪುಸ್ತಕಭಂಡಾರ

ಸಾರ್ವಜನಿಕ ಪುಸ್ತಕಭಂಡಾರವೆಂದೊಡನೆ ನಮ್ಮಲ್ಲಿ ಅನೇಕರ ಮನಸ್ಸಿಗೆ ಬರುವುದು ದೊಡ್ಡದೊಂದು ಕಟ್ಟಡ. ಬೆಂಗಳೂರಿನ ಕಬ್ಬನ್ ಪಾರ್ಕಿನಲ್ಲಿ ದಿವಾನ್ ಶೇಷಾದ್ರಿ ಅಯ್ಯರ್ ಅವರ ಸ್ಮಾರಕವಾಗಿ ನಿಂತಿರುವ ಕೆಂಪು ಭವನವನ್ನೂ ಅದರೊಳಗಿನ ರಾಜ್ಯ ಕೇಂದ್ರ ಗ್ರಂಥಾಲಯವನ್ನೂ ನೋಡಿದವರಿಗೆ ಆ ಚಿತ್ರ ಸುಲಭವಾಗಿ ಮರೆಯತಕ್ಕದ್ದಲ್ಲ. ಆದರೆ ನಾನು ಈ ಹೊತ್ತು ಹೇಳಬೇಕೆಂದಿರುವುದು ಅಂಥ ಭವನದ ವಿಷಯವನ್ನಲ್ಲ. ಎರಡು ಕೋಣೆ, ಮುಂದೆ ಒಂದು ಜಗಲಿ, ಹತ್ತು ಹನ್ನೆರಡು ಬೀರು, ಉದ್ದನೆಯ ಎರಡು ಮೇಜು, ಒಬ್ಬ ಗ್ರಂಥಪಾಲಕ, ಒಬ್ಬ ಜವಾನ: ಇಷ್ಟರಲ್ಲೇ ನಡೆಯುವ ಸಣ್ಣ ಪುಸ್ತಕಭಂಡಾರದ ವಿಷಯವನ್ನು. ಎಷ್ಟೋ ಕಡೆಗಳಲ್ಲಿ ಆ ಜವಾನನೂ ಇರುವುದಿಲ್ಲ. ಬಾಗಿಲು ತೆಗೆಯುವವನು, ಕಸ ಗುಡಿಸುವವನು, ಪುಸ್ತಕ ಕೊಡುವವನು, ಎಲ್ಲ ಒಬ್ಬನೇ.

ನಾನು ವೃತ್ತಿಯಿಂದ ಅಧ್ಯಾಪಕ; ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳುವವನು. ಕೆಲವು ವರ್ಷ ನಾನು ವಾಸವಾಗಿದ್ದ ಒಂದು ತಾಲ್ಲೂಕು ಪಟ್ಟಣದಲ್ಲಿ ಇಂಥದೊಂದು ಪುಸ್ತಕಭಂಡಾರವಿತ್ತು. ಊರಿನ ಹಿರಿಯರು ಚಂದಾ ಎತ್ತಿ ಸ್ಥಾಪಿಸಿದ್ದು. ಒಂದು ಸಮಿತಿ ಅದನ್ನು ನಡೆಸುತ್ತಿತ್ತು. ಕಾಲೇಜಿನವನು, ನಾಲ್ಕು ಪುಸ್ತಕ ಬಲ್ಲವನು ಎಂಬ ಕಾರಣದಿಂದ ಅವರು ನನ್ನನ್ನು ಗೌರವ ಕಾರ್ಯದರ್ಶಿಯನ್ನಾಗಿ ಮಾಡಿದರು. ನಾನೂ ಸಂತೋಷದಿಂದಲೇ ಒಪ್ಪಿಕೊಂಡೆ. ಪುಸ್ತಕಗಳ ನಡುವೆ ಬೆಳೆದವನಿಗೆ ಪುಸ್ತಕಭಂಡಾರ ನಡೆಸುವುದೇನು ಮಹಾ ಕಷ್ಟ ಎಂದು ಆಗ ನನಗೆ ತೋರಿತ್ತು. ಆ ಎಣಿಕೆ ಎಷ್ಟರ ಮಟ್ಟಿಗೆ ತಪ್ಪೆಂಬುದು ತಿಳಿಯಲು ಎರಡು ವರ್ಷ ಹಿಡಿಯಿತು. ಅದನ್ನು ನಿಮ್ಮ ಮುಂದೆ ಹೇಳಿಕೊಳ್ಳುವುದೇ ಈ ಭಾಷಣದ ಉದ್ದೇಶ.

ಮೊದಲನೆಯ ವರ್ಷ ನನ್ನ ಶ್ರದ್ಧೆಯೆಲ್ಲ ಪುಸ್ತಕಗಳ ರಕ್ಷಣೆಯ ಮೇಲೆ. ನಮ್ಮ ಹವೆಯಲ್ಲಿ ಪುಸ್ತಕಕ್ಕೆ ಶತ್ರುಗಳು ಕಡಮೆಯಿಲ್ಲ. ಮಳೆಗಾಲದಲ್ಲಿ ಬೂಷ್ಟು, ಬೇಸಗೆಯಲ್ಲಿ ಧೂಳು, ಗೋಡೆಗೆ ತಾಗಿಸಿಟ್ಟ ಬೀರುವಿಗೆ ಗೆದ್ದಲು. ರಟ್ಟಿನ ಅಂಟಿನ ಆಸೆಗೆ ಬರುವ ಹುಳುಗಳಂತೂ ಎಲ್ಲ ಕಾಲದಲ್ಲಿಯೂ ಉಂಟು. ಬೀರುಗಳನ್ನು ಗೋಡೆಯಿಂದ ಒಂದು ಗೇಣು ಈಚೆಗೆ ಸರಿಸಿ, ಕಾಲುಗಳಿಗೆ ಡಾಮರು ಬಳಿಸಿ, ಒಳಗೆ ನುಸಿಗುಳಿಗೆ ಹಾಕಿಸಿದೆ. ಬೆನ್ನು ಬಿಟ್ಟಿದ್ದ ಪುಸ್ತಕಗಳಿಗೆ ರಟ್ಟು ಕಟ್ಟಿಸಿದೆ. ದಾಖಲೆ ಪುಸ್ತಕವನ್ನು ಮೊದಲಿನಿಂದ ಕೊನೆಯವರೆಗೆ ತಿದ್ದಿದೆ. ಒಂದೊಂದು ಬೀರುವಿಗೂ ಬೀಗ. ಬೀಗದ ಕೈಗಳೆಲ್ಲ ಗ್ರಂಥಪಾಲಕರ ಮೇಜಿನ ಸೆಳೆಖಾನೆಯಲ್ಲಿ. ಎರವಲು ಬೇಕಾದವರು ಠೇವಣಿ ಕಟ್ಟಬೇಕು. ಅದರ ಮೇಲೆ ಊರಿನಲ್ಲಿ ಸ್ವಂತ ಮನೆಯುಳ್ಳ ಒಬ್ಬರ ಜಾಮೀನನ್ನೂ ತರಬೇಕು. ವರ್ಷದ ಕೊನೆಯಲ್ಲಿ ಸಮಿತಿಯ ವಾರ್ಷಿಕ ಸಭೆ ಸೇರಿದಾಗ, ಈ ವರ್ಷ ಒಂದು ಪುಸ್ತಕವೂ ಕಳೆದುಹೋಗಿಲ್ಲವೆಂದು ನಾನು ವರದಿ ಓದಿದೆ. ಸಭಿಕರು ಕೈತಟ್ಟಿದರು. ನನಗೂ ಹೆಮ್ಮೆಯಾಯಿತೆಂದು ಹೇಳಲು ಈಗ ಸ್ವಲ್ಪ ಸಂಕೋಚ.

ಎರಡನೆಯ ವರ್ಷ ಬೇಸಗೆಯ ರಜೆಯಲ್ಲಿ, ಪುಸ್ತಕಗಳನ್ನೆಲ್ಲ ಕೆಳಗಿಳಿಸಿ ಲೆಕ್ಕ ನೋಡುವ ಕೆಲಸಕ್ಕೆ ನಾನೇ ಕುಳಿತೆ. ಪುಸ್ತಕಭಂಡಾರದ ಪ್ರತಿಯೊಂದು ಪುಸ್ತಕದ ಹಿಂಬದಿಯಲ್ಲಿ ಒಂದು ಚೀಟಿ ಅಂಟಿಸಿರುತ್ತದೆಯಷ್ಟೆ. ಪುಸ್ತಕವನ್ನು ಹಿಂದಿರುಗಿಸತಕ್ಕ ತಾರೀಖಿನ ಮೊಹರು ಅದರ ಮೇಲೆ ಬೀಳುತ್ತದೆ. ಆ ಚೀಟಿಗಳನ್ನು ಒಂದೊಂದಾಗಿ ನೋಡುತ್ತ ಹೋದೆ. ಒಂದು ಬೀರುವಿನಲ್ಲಿ ಹತ್ತು ವರ್ಷದಿಂದ ಮೊಹರು ಕಾಣದ ಪುಸ್ತಕಗಳೇ ಹೆಚ್ಚು. ಇನ್ನೊಂದರಲ್ಲಿ ಚೀಟಿ ಅಂಟಿಸಿದ ದಿನ ಹೇಗಿತ್ತೋ ಹಾಗೆಯೇ ಬಿಳುಪಾಗಿತ್ತು. ಪುಸ್ತಕಗಳು ಕಳೆದುಹೋಗದಿದ್ದದ್ದು ನಮ್ಮ ದಕ್ಷತೆಯಿಂದಲ್ಲ. ಅವು ಹೊರಗೆ ಹೋಗಿಯೇ ಇರಲಿಲ್ಲ. ನಾನು ಹೆಮ್ಮೆಯಿಂದ ಓದಿದ ವರದಿ ವಾಸ್ತವವಾಗಿ ನಮ್ಮ ಸೋಲಿನ ವರದಿ.

ಆಗ ನನಗೆ ಒಬ್ಬ ಮನುಷ್ಯ ನೆನಪಿಗೆ ಬಂದ. ಬಸ್ ನಿಲ್ದಾಣದ ಹಿಂದೆ ಮೋಟಾರು ರಿಪೇರಿ ಮಾಡುವ ಒಂದು ಷೆಡ್ಡು. ಅಲ್ಲಿ ಕೆಲಸಕ್ಕಿದ್ದ ಯುವಕನೊಬ್ಬ ಹಿಂದಿನ ಮಳೆಗಾಲದಲ್ಲಿ ನಮ್ಮಲ್ಲಿಗೆ ಬಂದಿದ್ದ. ಪಂಪಿನ ಮೋಟಾರಿಗೆ ತಂತಿ ಸುತ್ತುವ ಕ್ರಮವನ್ನು ತಿಳಿಸುವ ಪುಸ್ತಕವೊಂದು ಅವನಿಗೆ ಬೇಕಾಗಿತ್ತು. ಆ ಪುಸ್ತಕ ನಮ್ಮಲ್ಲಿತ್ತು. ಯಾರೋ ಪುಣ್ಯಾತ್ಮರು ದಾನ ಕೊಟ್ಟದ್ದು. ಠೇವಣಿಯ ಹಣ ಹೇಗೋ ಹೊಂದಿಸುತ್ತೇನೆಂದ. ಆದರೆ ಅವನು ಬೇರೆ ಊರಿನಿಂದ ಬಂದವನು. ಸ್ವಂತ ಮನೆಯವರ ಜಾಮೀನು ಎಲ್ಲಿಂದ ತರಬೇಕು? ಗ್ರಂಥಪಾಲಕರು ನನ್ನನ್ನು ಕೇಳಿದರು. ನಾನು ಅವನ ಮುಖವನ್ನೂ ಸರಿಯಾಗಿ ನೋಡದೆ, ‘ನಿಯಮ ಎಲ್ಲರಿಗೂ ಒಂದೇ ಅಪ್ಪ’ ಎಂದೆ. ಅವನು ಮರುಮಾತಾಡಲಿಲ್ಲ. ಮೂರು ಸಂಜೆ ಬಂದು, ಮೇಜಿನ ಮೂಲೆಯಲ್ಲಿ ಕುಳಿತು, ಹಳೆಯ ಕ್ಯಾಲೆಂಡರಿನ ಹಾಳೆಗಳ ಬೆನ್ನಿಗೆ ಆ ಪುಸ್ತಕದ ಚಿತ್ರಗಳನ್ನು ನಕಲು ಮಾಡಿಕೊಂಡ. ನಮ್ಮ ಷೆಡ್ಡುಗಳಲ್ಲಿ ಕೆಲಸ ಮುಗಿಯುವುದೇ ಏಳು ಗಂಟೆಗೆ. ನಮ್ಮ ಬಾಗಿಲು ಹಾಕುವುದು ಎಂಟು ಗಂಟೆಗೆ. ಮೂರನೆಯ ದಿನ ದೀಪ ಆರಿಸುವ ಹೊತ್ತಿಗೆ ಅರ್ಧ ಚಿತ್ರ ಬರೆದುಕೊಂಡು ಎದ್ದುಹೋದವನು ಮತ್ತೆ ಬರಲಿಲ್ಲ.

ಆ ಪುಸ್ತಕದ ಚೀಟಿಯನ್ನು ತೆಗೆದು ನೋಡಿದೆ. ಒಂದು ಮೊಹರೂ ಇರಲಿಲ್ಲ. ನಮ್ಮ ದಾಖಲೆಯ ಪ್ರಕಾರ ಅದನ್ನು ಯಾರೂ ಓದಿಯೇ ಇರಲಿಲ್ಲ.

ಪುಸ್ತಕಭಂಡಾರದ ಶಾಸ್ತ್ರವನ್ನು ನಾನು ಓದತೊಡಗಿದ್ದು ಆ ಬಳಿಕ. ಈ ಶಾಸ್ತ್ರಕ್ಕೆ ನಮ್ಮ ದೇಶದಲ್ಲಿ ತಳಹದಿ ಹಾಕಿದವರು ಎಸ್. ಆರ್. ರಂಗನಾಥನ್ ಅವರು. ಅವರೂ ಮೂಲತಃ ಕಾಲೇಜಿನ ಅಧ್ಯಾಪಕರೇ, ಗಣಿತದವರು. 1924ರಲ್ಲಿ ಮದ್ರಾಸು ವಿಶ್ವವಿದ್ಯಾನಿಲಯದ ಗ್ರಂಥಪಾಲಕರಾದಾಗ, ಮಾಡಲು ಕೆಲಸವೇ ಇಲ್ಲವೆಂದು ಬೇಸತ್ತು ಮತ್ತೆ ಪಾಠ ಹೇಳಲು ಹೋಗಿಬಿಡಬೇಕೆಂದುಕೊಂಡಿದ್ದರಂತೆ. ಆಮೇಲೆ ಇಂಗ್ಲೆಂಡಿಗೆ ಹೋಗಿ, ಅಲ್ಲಿಯ ಸಾರ್ವಜನಿಕ ಪುಸ್ತಕಭಂಡಾರಗಳಲ್ಲಿ ಎಲ್ಲ ವರ್ಗದ ಜನರಿಗೂ ಸಲ್ಲುತ್ತಿದ್ದ ಸೇವೆಯನ್ನು ಕಂಡ ಮೇಲೆ ಅವರ ಮನಸ್ಸು ಬದಲಾಯಿತು. 1931ರಲ್ಲಿ ಅವರು ಐದು ಸೂತ್ರಗಳನ್ನು ಪ್ರಕಟಿಸಿದರು. ಪುಸ್ತಕಗಳಿರುವುದು ಉಪಯೋಗಕ್ಕಾಗಿ ಎಂಬುದು ಮೊದಲನೆಯದು. ಪ್ರತಿಯೊಬ್ಬ ಓದುಗನಿಗೂ ಅವನಿಗೆ ತಕ್ಕ ಪುಸ್ತಕ ದೊರೆಯಬೇಕು. ಪ್ರತಿಯೊಂದು ಪುಸ್ತಕಕ್ಕೂ ತಕ್ಕ ಓದುಗ ದೊರೆಯಬೇಕು. ಓದುಗನ ಕಾಲವನ್ನು ಉಳಿಸಬೇಕು. ಪುಸ್ತಕಭಂಡಾರವು ಬೆಳೆಯುತ್ತಿರುವ ಜೀವಿಯಂತೆ. ಇಷ್ಟೇ ಆ ಐದು. ರಂಗನಾಥನ್ ಅವರು ತಮ್ಮ ಕಡೆಯ ವರ್ಷಗಳನ್ನು ಬೆಂಗಳೂರಿನಲ್ಲಿಯೇ ಕಳೆದು 1972ರಲ್ಲಿ ಅಲ್ಲಿಯೇ ತೀರಿಕೊಂಡರು. ಆ ದೃಷ್ಟಿಯಿಂದ ಅವರು ನಮ್ಮವರೂ ಹೌದು.

ಈ ಸೂತ್ರಗಳನ್ನು ಮೊದಲ ಬಾರಿ ಓದಿದವರಿಗೆ, ಇದನ್ನು ಹೇಳಲು ಶಾಸ್ತ್ರಜ್ಞನೇ ಬೇಕೆ ಎನ್ನಿಸಬಹುದು. ಪುಸ್ತಕ ಉಪಯೋಗಕ್ಕಲ್ಲದೆ ಮತ್ತೇತಕ್ಕೆ? ಆದರೆ ಯೂರೋಪಿನಲ್ಲಿ ಹಿಂದೆ ಪುಸ್ತಕಗಳನ್ನು ಸರಪಳಿಯಿಂದ ಕಪಾಟಿಗೆ ಬಿಗಿಯುತ್ತಿದ್ದ ಕಾಲವೊಂದಿತ್ತು. ಕೈಯಲ್ಲಿ ಬರೆದ ಪುಸ್ತಕ ದುರ್ಲಭವಾಗಿದ್ದ ಆ ದಿನಗಳಲ್ಲಿ ಅದಕ್ಕೊಂದು ಅರ್ಥವಿತ್ತು. ಅಚ್ಚಿನ ಪುಸ್ತಕ ಬಂದು ಶತಮಾನಗಳು ಕಳೆದ ಮೇಲೆ ನಾನು ನನ್ನ ಬೀರುಗಳಿಗೆ ಬೀಗ ಹಾಕಿಸಿದ್ದೆನಲ್ಲ, ಅದಕ್ಕೆ ಏನು ಅರ್ಥ? ಸರಪಳಿಯ ಸ್ಥಾನದಲ್ಲಿ ಜಾಮೀನಿನ ಕಾಗದ ಬಂದಿತ್ತು, ಅಷ್ಟೆ.

ಸಮಿತಿಯಲ್ಲಿ ಮಾತೆತ್ತಿದೆ. ಹಿರಿಯರು ಒಡನೆ ಒಪ್ಪಲಿಲ್ಲ. ಅವರ ಆಕ್ಷೇಪಣೆಯೂ ಹುರುಳಿಲ್ಲದ್ದಲ್ಲ. ‘ಸ್ವಾಮಿ, ಈ ಪುಸ್ತಕಗಳನ್ನು ಒಂದೊಂದಾಗಿ ಕೂಡಿಸಿದವರು ನಾವು. ಕೊಟ್ಟದ್ದು ಬರದಿದ್ದರೆ ಮತ್ತೆ ಕೊಳ್ಳಲು ಹಣವೆಲ್ಲಿ?’ ಎಂದರು ಒಬ್ಬರು. ಸಣ್ಣ ಪುಸ್ತಕಭಂಡಾರದ ಬಡತನವನ್ನು ಅರಿಯದವರು ಈ ಪ್ರಶ್ನೆಯನ್ನು ನಗೆಯಾಡಿಯಾರು. ಬಹಳ ಚರ್ಚೆಯಾದ ಮೇಲೆ, ಒಂದು ವರ್ಷ ಪ್ರಯೋಗವಾಗಿ ನೋಡೋಣವೆಂದು ನಿಶ್ಚಯವಾಯಿತು. ಜಾಮೀನನ್ನು ತೆಗೆದುಹಾಕಿದೆವು, ವಾಸದ ವಿಳಾಸಕ್ಕೆ ಏನಾದರೊಂದು ರುಜುವಾತು ಸಾಕೆಂದೆವು. ಠೇವಣಿಯನ್ನು ಕಂತಿನ ಮೇಲೆ ಕಟ್ಟಬಹುದೆಂದೆವು. ಮಕ್ಕಳಿಗೆ ಠೇವಣಿಯೇ ಬೇಡವೆಂದೆವು. ಬೀರುಗಳ ಬೀಗ ತೆಗೆದು, ಓದುಗರು ತಾವೇ ಪುಸ್ತಕಗಳನ್ನು ತೆಗೆದು ನೋಡುವಂತೆ ಬಿಟ್ಟೆವು. ವಾರಕ್ಕೆ ಎರಡು ದಿನ ರಾತ್ರಿ ಒಂಬತ್ತೂವರೆಯವರೆಗೆ ದೀಪ ಉರಿಯುವಂತಾಯಿತು.

ಪುಸ್ತಕಗಳು ಕಳೆದುಹೋಗಲಿಲ್ಲವೆಂದು ನಾನು ಹೇಳುವುದಿಲ್ಲ. ಕಳೆದವು. ಕೆಲವನ್ನು ಕೊಂಡೊಯ್ದವರು ಊರನ್ನೇ ಬಿಟ್ಟಿದ್ದರು. ಒಂದೆರಡು ಪುಸ್ತಕದಲ್ಲಿ ಪುಟಗಳು ಹರಿದುಬಂದವು. ಒಂದನ್ನು ಹಸು ತಿಂದಿತೆಂದು ಹುಡುಗನೊಬ್ಬ ಅಳುತ್ತ ಬಂದು, ಉಳಿದ ರಟ್ಟನ್ನು ಸಾಕ್ಷಿಯಾಗಿ ತಂದೊಪ್ಪಿಸಿದ. ಆದರೆ ವರ್ಷದ ಕೊನೆಯಲ್ಲಿ ಚೀಟಿಗಳನ್ನು ತೆಗೆದು ನೋಡಿದಾಗ, ಎಷ್ಟೋ ಪುಸ್ತಕಗಳಿಗೆ ಹಳೆಯ ಚೀಟಿ ತುಂಬಿ ಅದರ ಮೇಲೆ ಹೊಸದನ್ನು ಅಂಟಿಸಬೇಕಾಗಿ ಬಂದಿತ್ತು. ಆ ವರ್ಷದ ವರದಿಯಲ್ಲಿ ಕಳೆದ ಪುಸ್ತಕಗಳ ಪಟ್ಟಿಯನ್ನೂ ಓದಿದೆ, ಹೊರಗೆ ಹೋಗಿಬಂದ ಪುಸ್ತಕಗಳ ಲೆಕ್ಕವನ್ನೂ ಓದಿದೆ. ಯಾರೂ ಕೈತಟ್ಟಲಿಲ್ಲ. ಹಣದ ಪ್ರಶ್ನೆ ಎತ್ತಿದ್ದ ಹಿರಿಯರು ಮಾತ್ರ, ‘ಈ ಹಸು ತಿಂದ ಪುಸ್ತಕವನ್ನು ನಾನು ಕೊಡಿಸುತ್ತೇನೆ’ ಎಂದರು.

ಬಾಗಿಲು ತೆರೆದಿದ್ದರೆ ಸಾಕು, ಜನ ತಾವಾಗಿ ಬರುತ್ತಾರೆಂಬುದು ಇನ್ನೊಂದು ಭ್ರಮೆ. ನಮ್ಮ ಸದಸ್ಯರ ಪಟ್ಟಿಯಲ್ಲಿ ಹೆಂಗಸರ ಹೆಸರು ಬೆರಳೆಣಿಕೆಯಷ್ಟು. ಅವರಿಗೆ ಓದಿನಲ್ಲಿ ಆಸಕ್ತಿ ಕಡಮೆಯೆಂದು ಸಮಿತಿಯವರ ಸಮಾಧಾನ. ನಮ್ಮ ಮನೆಯಾಕೆ ಒಂದು ದಿನ ಕೇಳಿದಳು: ‘ನೀವು ಬಾಗಿಲು ತೆಗೆಯುವುದು ಸಂಜೆ ಐದಕ್ಕೆ. ಮಕ್ಕಳು ಶಾಲೆಯಿಂದ ಬರುವ ಹೊತ್ತು ಅದು. ಆಮೇಲೆ ಅಡಿಗೆಯ ಹೊತ್ತು. ಯಾವ ಹೆಂಗಸು ಬಂದಾಳು?’ ನನ್ನಲ್ಲಿ ಉತ್ತರವಿರಲಿಲ್ಲ. ವಾರಕ್ಕೆ ಎರಡು ಮಧ್ಯಾಹ್ನ, ಎರಡರಿಂದ ನಾಲ್ಕರವರೆಗೆ ಬಾಗಿಲು ತೆಗೆಸಿದೆವು. ಬಂದವರು ಮೊದಲು ಕೇಳಿದ್ದು ತ್ರಿವೇಣಿಯವರ ಕಾದಂಬರಿಗಳನ್ನು. ಬರೀ ಕಾದಂಬರಿ ಓದುತ್ತಾರೆಂದು ಮೂಗು ಮುರಿದವರುಂಟು. ಕಾದಂಬರಿ ಓದುವುದು ತಪ್ಪೆಂದು ನನಗೆ ತೋರಲಿಲ್ಲ. ನಾನು ಪಾಠ ಹೇಳುವುದೂ ಕಾದಂಬರಿಗಳನ್ನೇ ಅಲ್ಲವೆ? ಕೆಲವು ತಿಂಗಳಾದ ಮೇಲೆ ಅವರಲ್ಲೇ ಒಬ್ಬರು ಸಕ್ಕರೆ ಕಾಯಿಲೆಗೆ ಪಥ್ಯವೇನೆಂದು ತಿಳಿಸುವ ಪುಸ್ತಕ ಕೇಳಿದರು; ಇನ್ನೊಬ್ಬರು ಮಗಳ ಪರೀಕ್ಷೆಗೆ ವಿಜ್ಞಾನದ ಪುಸ್ತಕ ಕೇಳಿದರು. ಅವು ನಮ್ಮಲ್ಲಿರಲಿಲ್ಲ. ಮೇಜಿನ ಮೇಲೆ ಒಂದು ಸಲಹಾ ಪುಸ್ತಕವನ್ನಿಟ್ಟು, ಇಲ್ಲದ ಪುಸ್ತಕದ ಹೆಸರನ್ನು ಬರೆಯಿಸಿಕೊಳ್ಳುವ ಪದ್ಧತಿ ಹೀಗೆ ಆರಂಭವಾಯಿತು. ಮುಂದಿನ ವರ್ಷ ಪುಸ್ತಕ ಕೊಳ್ಳುವಾಗ ನನ್ನ ರುಚಿಗಿಂತ ಆ ಸಲಹಾ ಪುಸ್ತಕವೇ ಒಳ್ಳೆಯ ದಾರಿ ತೋರಿಸಿತು.

ಅಕ್ಷರ ಬಾರದವರಿಗೆ ಪುಸ್ತಕಭಂಡಾರದಿಂದ ಏನು ಪ್ರಯೋಜನವೆಂದು ಕೇಳಬಹುದು. ನಮ್ಮ ನಾಡಿನಲ್ಲಿ ಈ ಪ್ರಶ್ನೆಗೆ ಉತ್ತರ ಬಹಳ ಹಿಂದೆಯೇ ದೊರೆತಿದೆ. ಓದುಬಾರದ ಸಾವಿರಾರು ಜನಕ್ಕೆ ಕುಮಾರವ್ಯಾಸನ ಭಾರತ ತಿಳಿದದ್ದು ಹೇಗೆ? ಜಗಲಿಯ ಮೇಲೋ ಗುಡಿಯ ಮುಂದೆಯೋ ಕುಳಿತು ಒಬ್ಬರು ವಾಚನ ಮಾಡಿದರು, ಒಬ್ಬರು ವ್ಯಾಖ್ಯಾನ ಹೇಳಿದರು, ಊರಿನವರು ಕೇಳಿದರು. ನಮ್ಮ ಪುಸ್ತಕಭಂಡಾರದ ಜಗಲಿಯ ಮೇಲೆ ನಿವೃತ್ತ ಉಪಾಧ್ಯಾಯರೊಬ್ಬರು ಬೆಳಗ್ಗೆ ಪತ್ರಿಕೆಯನ್ನು ಗಟ್ಟಿಯಾಗಿ ಓದಿ ಹೇಳಲು ಒಪ್ಪಿಕೊಂಡರು. ಸಂತೆಗೆ ಬಂದವರು, ಕಣ್ಣು ಮಂಜಾದ ವೃದ್ಧರು, ಬಂದು ಕುಳಿತು ಕೇಳುತ್ತಿದ್ದರು. ಪಿಂಚಣಿಯ ಅರ್ಜಿಯನ್ನೋ ಬ್ಯಾಂಕಿನ ಕಾಗದವನ್ನೋ ತಂದು, ಇದರಲ್ಲೇನಿದೆ ನೋಡಿ ಸ್ವಾಮಿ ಎಂದು ಗ್ರಂಥಪಾಲಕರ ಮುಂದೆ ಹಿಡಿಯುವವರೂ ಇದ್ದರು. ಇದು ತಮ್ಮ ಕೆಲಸವಲ್ಲವೆಂದು ನಮ್ಮ ಗ್ರಂಥಪಾಲಕರು ಎಂದೂ ಹೇಳಲಿಲ್ಲ. ಅವರ ಸಂಬಳವನ್ನು ಇಲ್ಲಿ ಹೇಳುವುದಕ್ಕೆ ನನಗೆ ನಾಚಿಕೆಯಾಗುತ್ತದೆ.

ಈಗ ಎಲ್ಲರ ಕೈಯಲ್ಲಿಯೂ ಫೋನು ಇದೆ. ಬೇಕಾದ ವಿಷಯ ಕ್ಷಣದಲ್ಲಿ ದೊರೆಯುತ್ತದೆ. ಇನ್ನು ಪುಸ್ತಕಭಂಡಾರವೇಕೆ ಎಂದು ಹೇಳುವವರುಂಟು. ಪಟ್ಟಣದಲ್ಲಿ ನಮ್ಮಂಥವರ ಮನೆಯಲ್ಲಿ ಕುಳಿತು ನೋಡಿದರೆ ಈ ಮಾತು ಸರಿಯೆನಿಸಬಹುದು. ಆದರೆ ಒಂದೇ ಕೋಣೆಯ ಮನೆಯಲ್ಲಿ ಐದಾರು ಜನ ವಾಸವಾಗಿರುವಾಗ, ಸ್ಪರ್ಧಾ ಪರೀಕ್ಷೆಗೆ ಓದಬೇಕಾದ ಹುಡುಗಿಗೆ ಬೇಕಾದದ್ದು ಬರಿಯ ವಿಷಯವಲ್ಲ. ಒಂದು ಮೇಜು, ಒಂದು ದೀಪ, ಮೂರು ಗಂಟೆಯ ನಿಶ್ಶಬ್ದ, ಯಾರೂ ಎದ್ದೇಳು ಎನ್ನದ ಒಂದು ಕುರ್ಚಿ: ಇವನ್ನು ಫೋನು ಕೊಡಲಾರದು. ದುಡ್ಡು ಕೊಡದೆ, ಏನನ್ನೂ ಕೊಳ್ಳದೆ, ಯಾರ ಅತಿಥಿಯೂ ಆಗದೆ ಒಬ್ಬ ಮನುಷ್ಯ ಗೌರವದಿಂದ ಕುಳಿತಿರಬಹುದಾದ ಸ್ಥಳಗಳು ನಮ್ಮ ಊರುಗಳಲ್ಲಿ ಎಷ್ಟಿವೆ? ಎಣಿಸಿ ನೋಡಿದರೆ ದೇವಸ್ಥಾನದ ಪ್ರಾಕಾರವನ್ನೂ ಮರದ ಕಟ್ಟೆಯನ್ನೂ ಬಿಟ್ಟರೆ ಪುಸ್ತಕಭಂಡಾರವೇ ಸರಿ.

ಇದಕ್ಕೆಲ್ಲ ಹಣ ಯಾರದು ಎಂಬ ಹಿರಿಯರ ಪ್ರಶ್ನೆ ಹಾಗೆಯೇ ಉಳಿದಿದೆ. ದೊರೆಗಳ ಔದಾರ್ಯ ಒಂದು ಕಾಲದ ಉತ್ತರ. ಬರೋಡದ ಮಹಾರಾಜ ಸಯಾಜಿರಾವ್ ಗಾಯಕವಾಡರು 1910ರಲ್ಲಿ ಅಮೆರಿಕದಿಂದ ಬೋರ್ಡನ್ ಎಂಬ ತಜ್ಞರನ್ನು ಕರೆಸಿ, ಊರೂರಿಗೆ ಪುಸ್ತಕಭಂಡಾರಗಳನ್ನು ಹರಡಿಸಿದರು. ಪುಸ್ತಕಗಳನ್ನು ಮರದ ಪೆಟ್ಟಿಗೆಗಳಲ್ಲಿ ತುಂಬಿ ಹಳ್ಳಿಗಳಿಗೆ ಕಳುಹಿಸುವ ಏರ್ಪಾಡನ್ನೂ ಮಾಡಿದರು. ಆದರೆ ಔದಾರ್ಯಕ್ಕಿಂತ ಕಾನೂನು ಹೆಚ್ಚು ಕಾಲ ಬಾಳುತ್ತದೆ. 1945ರಲ್ಲಿ ಕೊಲ್ಹಾಪುರ ಸಂಸ್ಥಾನದಲ್ಲಿಯೂ, 1948ರಲ್ಲಿ ಮದ್ರಾಸು ಪ್ರಾಂತದಲ್ಲಿಯೂ ಸಾರ್ವಜನಿಕ ಪುಸ್ತಕಭಂಡಾರಗಳಿಗೆ ಶಾಸನವಾಯಿತು. ನಮ್ಮ ರಾಜ್ಯದ ಶಾಸನ 1965ರದು. ಅದರ ಬಲದಿಂದ ನಗರಗಳಲ್ಲಿ ಆಸ್ತಿತೆರಿಗೆಯ ಜೊತೆಗೆ ಗ್ರಂಥಾಲಯ ಕರವೂ ವಸೂಲಾಗುತ್ತದೆ. ಹಳ್ಳಿಗಳ ಮಟ್ಟಿಗೆ ಹೇಳುವುದಾದರೆ, 2019ರಲ್ಲಿ ಗ್ರಾಮ ಪಂಚಾಯಿತಿಯ ಪುಸ್ತಕಭಂಡಾರಗಳನ್ನು ಪಂಚಾಯತ್ ರಾಜ್ ಇಲಾಖೆಗೆ ಒಪ್ಪಿಸಲಾಯಿತು. 2020ರಲ್ಲಿ ‘ಓದುವ ಬೆಳಕು’ ಎಂಬ ಕಾರ್ಯಕ್ರಮದ ಮೂಲಕ ಅಲ್ಲಿ ಮಕ್ಕಳಿಗೆ ಶುಲ್ಕವಿಲ್ಲದೆ ಸದಸ್ಯತ್ವ ಕೊಡತೊಡಗಿದರು. ಮಕ್ಕಳಿಂದ ಠೇವಣಿ ಬೇಡವೆಂದು ನಮ್ಮ ಪುಟ್ಟ ಸಮಿತಿ ಅಷ್ಟೊಂದು ವಾದಿಸಿ ಒಪ್ಪಿದ್ದನ್ನು ನೆನೆದಾಗ, ಈ ಸುದ್ದಿ ನನಗೆ ತಂದ ಸಂತೋಷವನ್ನು ನೀವು ಊಹಿಸಬಹುದು.

ಈ ಮಾತನ್ನು ಕೇಳುತ್ತಿರುವ ನೀವು ಬಹುಮಟ್ಟಿಗೆ ಪಟ್ಟಣವಾಸಿಗಳು, ಓದಿದವರು. ನಿಮ್ಮ ಮನೆಯಲ್ಲಿ ಪುಸ್ತಕಗಳಿವೆ. ಬೇಕಾದುದನ್ನು ಕೊಳ್ಳುವ ಶಕ್ತಿಯೂ ಇದೆ. ನಿಮ್ಮ ಬಡಾವಣೆಯ ಪುಸ್ತಕಭಂಡಾರದ ಒಳಗೆ ನೀವು ಹೋಗಿ ಎಷ್ಟು ಕಾಲವಾಯಿತು? ಅದಕ್ಕೆ ಹಣ ಕೊಡುತ್ತಿರುವವರು ಮಾತ್ರ ನೀವೇ. ತೆರಿಗೆಯ ರಸೀದಿಯನ್ನು ತೆಗೆದು ನೋಡಿದರೆ ಗ್ರಂಥಾಲಯ ಕರದ ಸಾಲು ಕಾಣುತ್ತದೆ. ನಿಮ್ಮಲ್ಲಿ ನನ್ನ ವಿಜ್ಞಾಪನೆ ಇಷ್ಟೆ. ಒಂದು ಸಂಜೆ ಅಲ್ಲಿಗೆ ಹೋಗಿ ಕುಳಿತುಕೊಳ್ಳಿ. ಬಾಗಿಲು ಯಾವ ಹೊತ್ತಿಗೆ ತೆರೆಯುತ್ತದೆ, ಆ ಹೊತ್ತಿಗೆ ಯಾರು ಬರಬಲ್ಲರು, ಯಾರು ಬರಲಾರರು ಎಂಬುದನ್ನು ನೋಡಿ. ಬೇಡವಾದ ಹಳೆಯ ಪುಸ್ತಕಗಳನ್ನು ದಾನವೆಂದು ಅಲ್ಲಿ ಸುರಿದು ಬರಬೇಡಿ. ನೀವು ಓದದ್ದನ್ನು ಅವರೂ ಓದಲಾರರು. ನಿಮಗೆ ಬೇಕಾದ ಪುಸ್ತಕವೊಂದನ್ನು ಕೇಳಿ. ಇಲ್ಲವೆಂದರೆ ಸಲಹಾ ಪುಸ್ತಕದಲ್ಲಿ ಬರೆದು ಬನ್ನಿ; ಮುಂದಿನ ತಿಂಗಳು ಹೋಗಿ ಮತ್ತೆ ಕೇಳಿ. ಕೇಳುವವರಿಲ್ಲದ ಕಡೆ ಒಳ್ಳೆಯ ಗ್ರಂಥಪಾಲಕನೂ ಕಾಲಕ್ರಮದಲ್ಲಿ ಬರಿಯ ಕಾವಲುಗಾರನಾಗುತ್ತಾನೆ. ನಾನು ಹಾಗೆ ಆಗಿದ್ದೆ.

ಆ ಊರನ್ನು ಬಿಟ್ಟು ಬರುವ ಮೊದಲು ಮೋಟಾರಿನ ಆ ಯುವಕನನ್ನು ಹುಡುಕಿಕೊಂಡು ಷೆಡ್ಡಿಗೆ ಹೋಗಿದ್ದೆ. ಅವನು ಕೆಲಸ ಬಿಟ್ಟು ಬೇರೆಲ್ಲಿಗೋ ಹೋಗಿ ವರ್ಷವಾಗಿತ್ತು. ಎಲ್ಲಿಗೆಂದು ಯಾರಿಗೂ ತಿಳಿಯದು. ಷೆಡ್ಡಿನ ಇನ್ನೊಬ್ಬ ಹುಡುಗ, ‘ಆ ಪುಸ್ತಕ ನಮಗೂ ಕೊಡುತ್ತೀರಾ ಸಾರ್?’ ಎಂದು ಕೇಳಿದ. ಅದೇ ಸಂಜೆ ಅವನ ಹೆಸರನ್ನು ಬರೆದುಕೊಂಡು ಪುಸ್ತಕ ಕೊಟ್ಟೆವು. ಆ ಚೀಟಿಯ ಮೇಲಿನ ಮೊದಲ ಮೊಹರನ್ನು ಒತ್ತಿದವನು ನಾನೇ. ಅದು ಎರಡನೆಯ ಮೊಹರಾಗಿರಬೇಕಾಗಿತ್ತು.